ನರ್ಸ್ ಹನ್ನಾಳ ದನಿಗೆ ಚರ್ಚಿನ ಗಂಟೆಯೇ ಸಾಕ್ಷಿ

ಹಳೆಯ ಟಿವಿ ದಾಖಲೆಗಳ ಸಂಗ್ರಹಾಲಯದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ಕಳಿಸಿದ ವಿಡಿಯೊದಲ್ಲಿರುವ ಮುಖ ನನ್ನ ತಾಯಿಯದು, ದನಿ ಅವಳದಲ್ಲ. ಸರಿಪಡಿಸಿ ಎಂದು ಬರೆದರೆ, 'ಫಿಲ್ಮಿನಿಂದ ವಿಡಿಯೊಗೆ ಪರಿವರ್ತನೆ ಯಶಸ್ವಿಯಾಗಿದೆ. ಮೂಲ ರೀಲನ್ನು ಈ ತಿಂಗಳ ಕೊನೆಗೆ ವಿಲೇವಾರಿ ಮಾಡಲಾಗುವುದು' ಎಂದು ಉತ್ತರಿಸಿದಿರಿ. ವಿಲೇವಾರಿ! ಎಷ್ಟು ಸಭ್ಯವಾದ ಮಾತು. ನಮ್ಮ ಬೀದರಿನಲ್ಲಿ ಅದನ್ನು ಸುಡುವುದು ಎನ್ನುತ್ತೇವೆ.

ನನ್ನ ತಾಯಿ ಹನ್ನಾ ಸರ್ಕಾರಿ ನರ್ಸ್ ಆಗಿದ್ದಳು. ಭಾಲ್ಕಿ, ಔರಾದ ಸಂತೆಗಳಲ್ಲಿ ಮೈಕಿಲ್ಲದೆ ಹಾಡಿ, ಲಸಿಕೆ ಹಾಕಿಸಲು ತಾಯಂದಿರನ್ನು ಸೇರಿಸುತ್ತಿದ್ದಳು. ಗಂಡಸರದಂಥ ದಪ್ಪ ದನಿ. ಎಪ್ಪತ್ತರ ದಶಕದಲ್ಲಿ ನಿಮ್ಮವರೇ ಬಂದು, ನಮ್ಮ ಚರ್ಚಿನ ಅಂಗಳದಲ್ಲಿ ಅವಳನ್ನು ಹಾಡಿಸಿ, ಸಿನಿಮಾ ಕ್ಯಾಮೆರಾದಲ್ಲಿ ಚಿತ್ರಿಸಿಕೊಂಡು ಹೋದರು. ಹಾಡಿನ ನಡುವೆ ಚರ್ಚಿನ ಗಂಟೆ ಮೊಳಗುತ್ತದೆ. ಅವಳು ನಿಲ್ಲಿಸುವುದಿಲ್ಲ, ನಕ್ಕು ಅದಕ್ಕಿಂತ ಜೋರಾಗಿ ಹಾಡುತ್ತಾಳೆ. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ವಿಡಿಯೊವನ್ನು ಭಾತಂಬ್ರಾದ ವತ್ಸಲಾಬಾಯಿಗೆ ತೋರಿಸಿದೆ. ಅವರ ಹೆರಿಗೆಗಳನ್ನೆಲ್ಲ ಮಾಡಿಸಿದ್ದು ನನ್ನ ತಾಯಿಯೇ. ಕಣ್ಣು ಮುಚ್ಚಿ ಕೇಳಿದ ಅವರು, "ಯಾರ್ರಿ ಈ ಹುಡುಗಿ? ಹನ್ನಾಬಾಯಿ ಹಾಡಿದ್ರ ಎಮ್ಮಿ ಸೈತ ಹೊಳ್ಳಿ ನೋಡ್ತಿತ್ತು. ಇದು ಆಕಿ ದನಿ ಅಲ್ಲ ಬಿಡ್ರಿ" ಎಂದರು.

ಕಾರಣವನ್ನು ನೀವೇ ಬರೆದಿದ್ದೀರಿ. ಆ ಫಿಲ್ಮ್ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳಂತೆ ಓಡಬೇಕಾದದ್ದು. ನಮ್ಮ ಟಿವಿಯ ಪದ್ಧತಿ ಇಪ್ಪತ್ತೈದರದು. ನಿಮ್ಮ ಯಂತ್ರ ಇಪ್ಪತ್ತೈದರಂತೆಯೇ ಓಡಿಸಿಬಿಟ್ಟಿತು. ಹಾಡು ಅವಸರವಾಯಿತು, ದನಿ ತೆಳ್ಳಗಾಯಿತು. 'ಸಾಮಾನ್ಯ ವೀಕ್ಷಕರಿಗೆ ಇದು ತಿಳಿಯದು' ಎಂದಿದ್ದೀರಿ. ಸ್ವಾಮಿ, ಹನ್ನಾ ಸಾಮಾನ್ಯ ವೀಕ್ಷಕರ ತಾಯಿಯೇ? ಸಾಲದ್ದಕ್ಕೆ, 'ತೀರಿಕೊಂಡವರ ದನಿ ನೆನಪಿನಲ್ಲಿ ಬದಲಾಗುವುದು ಸಹಜ' ಎಂಬ ಉಪದೇಶ ಬೇರೆ. ಅದನ್ನು ಓದಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ನನ್ನ ಕಿವಿಯೇ ಡೊಂಕು ಎಂದಿರಿ.

ನನ್ನ ಕಿವಿ ಬಿಡಿ, ಗಂಟೆಯ ಮಾತೇನು? ಅದೇ ಗಂಟೆ ಇಂದಿಗೂ ಅಲ್ಲೇ ತೂಗುತ್ತಿದೆ. ಮನುಷ್ಯರ ನೆನಪು ಬದಲಾಗಬಹುದು, ಕಂಚಿಗೆ ನೆನಪೆಲ್ಲಿದೆ? ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಅದರ ಕೆಳಗೆ ನಿಂತು ನಿಮ್ಮ ವಿಡಿಯೊ ಹಚ್ಚಿದೆ. ಗಂಟೆ ಬಾರಿಸುವ ಮುದುಕ ಮೋಶೆ ಹಗ್ಗ ಎಳೆದರು. ನಿಮ್ಮ ವಿಡಿಯೊದ ಗಂಟೆಯ ಸ್ವರ ಮೇಲೆ ಏರಿತ್ತು, ನಮ್ಮದು ಕೆಳಗಿತ್ತು. ಎರಡೂ ಒಂದಕ್ಕೊಂದು ಕೂಡಲಿಲ್ಲ. ಪಾಪ, ಮೋಶೆ ಹೆದರಿ, "ಟೀಚರ್, ನಾ ಏನರ ತಪ್ಪ ಬಾರಿಸಿದ್ನೇನ್ರಿ?" ಎಂದು ಕೇಳಿದರು. ತಪ್ಪು ಮಾಡದವರು ಹೀಗೆ ಕೇಳುತ್ತಾರೆ. ತಪ್ಪು ಮಾಡಿದವರು ವಿಲೇವಾರಿ ಎಂದು ಬರೆಯುತ್ತಾರೆ.

ನಾನು ದಯೆ ಬೇಡುತ್ತಿಲ್ಲ. ಆ ರೀಲನ್ನು ಮುಟ್ಟಬೇಡಿ. ಅದರದೇ ವೇಗದ ಲೆಕ್ಕ ಹಿಡಿದು ಮತ್ತೊಮ್ಮೆ ಪರಿವರ್ತಿಸಿ, ಬೀದರಿಗೆ ತಂದು ಗಂಟೆಯ ಕೆಳಗೆ ಕೇಳಿಸಿ. ಗಂಟೆಗೆ ಗಂಟೆ ಕೂಡಿದರೆ ನಾನು ಬಾಯಿ ಮುಚ್ಚುತ್ತೇನೆ. ಬದಲಿಗೆ ಸುಡಲು ಹೊರಟರೆ, ಅದೇ ದಿನ ನಿಮ್ಮ ಬಾಗಿಲಲ್ಲಿ ನಿಂತು ಅದೇ ಹಾಡು ಹಾಡುತ್ತೇನೆ. ನನಗೂ ಮೈಕು ಬೇಕಾಗುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ಕಿವಿ ಕೆಟ್ಟಿರುವ,
ತಾಯಿಯ ದಪ್ಪ ದನಿಯನ್ನಷ್ಟೇ ಆಸ್ತಿಯಾಗಿ ಪಡೆದಿರುವ
ಏಂಜಲಿನಾ
ಶಾಲಾ ಶಿಕ್ಷಕಿ, ಚಿದ್ರಿ, ಬೀದರ