ಅಮ್ಮನ ಮೇಲೆ ಹುಳ

ವಾಲ್ಪಾರೈ, ಜುಲೈ 18, ಗುರುವಾರ

ತೋಟದ ಶಿಶುಮನೆಯ ಕಿಟಕಿಗೆ ಜಾಲರಿ ಹಾಕಿಸುತ್ತೇವೆಂದರು ಸಂಘದವರು, ಹಾಕಿಸಲಿಲ್ಲ. ಟೀ ಎಲೆ ಕೊಯ್ದು ಬಂದ ತಾಯಂದಿರು ಮಕ್ಕಳನ್ನು ಎತ್ತಿಕೊಳ್ಳುವ ಮುನ್ನ ಸೀರೆ ಬದಲಿಸಲು ಒಂದು ಕೋಣೆ ಎಂದರು, ಅದೂ ಇಲ್ಲ. ಮ್ಯಾನೇಜರ್ ಜೊತೆ ಸಂಘ ಇವತ್ತು ಮಾಡಿಕೊಂಡ ಕೂಲಿ ಒಪ್ಪಂದದಲ್ಲಿ ಎರಡೂ ಬಿಟ್ಟುಹೋಗಿವೆ. ಮ್ಯಾನೇಜರ್ ಮೋಸ ಮಾಡಿದ್ದರೆ ಬೈದು ಮಲಗುತ್ತಿದ್ದೆ. ಬೇಡಿಕೆ ಪಟ್ಟಿಯಿಂದ ಅವನ್ನು ತೆಗೆಸಿದವನು ನಮ್ಮದೇ ಸಂಘದ ಕಾರ್ಯದರ್ಶಿ, ಸಂತಿಯಾಗು ಅಣ್ಣ.

"ಮಕ್ಕಳು ಹುಳಕ್ಕೆ ಹೆದರ್ತವೆ ಅಂತ ಯಾರಾದ್ರೂ ಮುಷ್ಕರ ಮಾಡ್ತಾರೇನಮ್ಮಾ? ಕೂಲಿ ಏರಿತಲ್ಲ, ಬಿಡು" ಎಂದು ನಕ್ಕ.

"ನಿನ್ನ ಅಂಗಿಯೊಳಗೆ ಒಂದು ಕಂಬಳಿಹುಳ ಬಿಡ್ತೀನಿ, ಆಗ ನಗಣ್ಣ" ಎಂದೆ.

ನನ್ನ ಇಳಮತಿಗೆ ಮೂರು ವರ್ಷ. ಶಿಶುಮನೆಯಲ್ಲಿ ಕತ್ತಿನ ಮೇಲೆ ಕಂಬಳಿಹುಳ ಬಿದ್ದು ಮೈಯೆಲ್ಲ ದದ್ದು ಎದ್ದ ದಿನದಿಂದ ನೊಣ ಕಂಡರೂ ಕಿರುಚುತ್ತಾಳೆ. ಸಂಜೆ ನಾನು ಕೈ ಚಾಚಿದರೆ ಆಯಾಳ ಹಿಂದೆ ಅಡಗುತ್ತಾಳೆ. "ಅಮ್ಮ ಬೇಡ, ಅಮ್ಮನ ಮೇಲೆ ಹುಳ ಇದೆ."

ಸುಳ್ಳಲ್ಲ. ಇವತ್ತು ಸೊಂಟಕ್ಕೆ ಕಟ್ಟಿದ ಗೋಣಿಯಲ್ಲೇ ಎರಡು ಸಿಕ್ಕವು.

"ಜಾಲರಿ ಬರುತ್ತೆ ಕಣೇ, ಅಣ್ಣ ಹೇಳಿದಾರೆ" ಎಂದು ಆ ಮಗುವಿಗೆ ಮಾತು ಕೊಟ್ಟವಳು ನಾನು. ನಾಳೆ ಬೆಳಿಗ್ಗೆ ಅದೇ ಕಿಟಕಿಯ ಕೆಳಗೆ ಅವಳನ್ನು ಬಿಟ್ಟು ಹೋಗುವವಳೂ ನಾನೇ. ಅವನು ನನಗೆ ಮಾಡಿದ್ದನ್ನು ನಾನು ಅವಳಿಗೆ

ಸಾಕು. ಅವನನ್ನು ಕರೆಯದೆ ನಾವು ಹೆಂಗಸರು ಸೇರುವುದು ಭಾನುವಾರ, ಬೆಳಿಗ್ಗೆ ಹತ್ತಕ್ಕೆ.