ಅಮ್ಮನಿಗೆ ಕೇಳಿಸಿದ ಸದ್ದು

ಅವಲಪಲ್ಲಿ, ಹೊಸೂರು
18 ಜೂನ್ 2025, ಬುಧವಾರ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಬೇರಿಕೆಯಲ್ಲಿ ಶಿವಣ್ಣ ಮಾವನ ಮನೆಯಲ್ಲಿ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ತಿಳಿದು ಸಮಾಧಾನವಾಯಿತು. ಫೋನಿನಲ್ಲಿ ಇನ್ವರ್ಟರ್ ಎಂದ ಕೂಡಲೇ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಓದದೆ ಮಡಿಸಿಡಬೇಡ.

ಕರೆಂಟ್ ಹೋದಾಗಲೆಲ್ಲ ಇನ್ವರ್ಟರ್ ಕುಂಯ್ ಎನ್ನುತ್ತದೆ ಎಂದು ನೀನು ಹೇಳಿದಾಗ ನನಗೂ ಅಪ್ಪನಿಗೂ ಏನೂ ಕೇಳಿಸಲಿಲ್ಲ. ಇಬ್ಬರಿಗೆ ಕೇಳಿಸದ ಸದ್ದು ಒಬ್ಬಳಿಗೆ ಕೇಳಿಸಿದರೆ ಕಿವಿಯದೇ ತೊಂದರೆ ಎಂದು ನಿನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದೆವು. "ನಂಗೇನು ಭ್ರಮೆ ಹಿಡ್ದಿಲ್ಲ ಕಣ್ಲಾ" ಎಂದು ನೀನು ಪರೀಕ್ಷೆಗೂ ನಿಲ್ಲದೆ ಅಲ್ಲಿಂದಲೇ ಬೇರಿಕೆ ಬಸ್ಸು ಹತ್ತಿದೆ.

ಈಗ ಸುದ್ದಿ. ಅಪ್ಪ ದುಡಿದು ನಿವೃತ್ತರಾದ, ನಾನೂ ಇಷ್ಟು ವರ್ಷ ದುಡಿದ, ತಗಡು ಒತ್ತುವ ಪ್ರೆಸ್ ಶಾಪನ್ನು ಬಿಟ್ಟು, ಇನ್ವರ್ಟರ್ ತಯಾರಿಸುವ ಕಂಪನಿಯ ಟೆಸ್ಟಿಂಗ್ ವಿಭಾಗ ಸೇರಿದ್ದೇನೆ. ಇಲ್ಲಿಯ ಇಂಜಿನಿಯರ್ ಉಷಾರಾಣಿ ವಿವರಿಸಿದ್ದು ಇಷ್ಟು: ಇನ್ವರ್ಟರಿನ ಒಳಗಿನ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತವೆ. ಪೂರ್ತಿ ವೋಲ್ಟೇಜ್ ಇರುವಾಗಲೇ ಆನ್ ಆದರೆ ಪ್ರತಿ ಸಲವೂ ಬಿಸಿ. ಬಿಸಿ ಮಿತಿ ಮೀರದಿರಲೆಂದು ವೇಗ ತಗ್ಗಿಸುತ್ತಾರೆ. ಆ ವೇಗದಲ್ಲಿ ಒಳಗಿನ ತಂತಿ ಸುರುಳಿ ಅದುರಿ ಕಿವಿಗೆ ಕೇಳಿಸುವ ಸದ್ದು ಮಾಡುತ್ತದೆ. ಹೊಸ ಮಾದರಿಯಲ್ಲಿ ವೋಲ್ಟೇಜ್ ಸೊನ್ನೆಗೆ ಇಳಿದ ಗಳಿಗೆ ನೋಡಿ ಸ್ವಿಚ್ ಆನ್ ಆಗುತ್ತದೆ. ಬಿಸಿ ಕಡಿಮೆ, ವೇಗ ಹೆಚ್ಚಿಸಬಹುದು, ಸದ್ದಿನ ಶ್ರುತಿ ಮನುಷ್ಯರ ಕಿವಿಗೆ ಎಟುಕದಷ್ಟು ಮೇಲೆ ಹೋಗುತ್ತದೆ. ಇದಕ್ಕೆ ಸಾಫ್ಟ್ ಸ್ವಿಚಿಂಗ್ ಎನ್ನುತ್ತಾರೆ.

ಅಪ್ಪನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ಸ್ವಿಚ್ಚನ್ನು ಮೆತ್ತಗೆ ಒತ್ತಬೇಕು ಎಂದು ತಿಳಿದುಕೊಂಡಿದ್ದಾರೆ. ಮನೆಯ ಸ್ವಿಚ್ಚುಗಳನ್ನೆಲ್ಲ ಎಳೆಗರುವಿನ ಮೂತಿ ಮುಟ್ಟಿದಂತೆ ಮುಟ್ಟುತ್ತಾರೆ. ನಾನು ಫ್ಯಾನ್ ಹಾಕಿದರೆ "ಮೆಲ್ಲುಗ್ಲಾ! ಸಾಫ್ಟು, ಸಾಫ್ಟು!"

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗ,
ಮೂರ್ತಿ

ಮತ್ತೆ: ಪತ್ರ ತರುವ ಪಕ್ಕದ ಮನೆಯ ನರೇಶ್ ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾನೆ. ಹೋದ ಭಾನುವಾರ ಉಷಾರಾಣಿ ಮನೆಗೆ ಬಂದಾಗ ಕರೆಂಟ್ ಇರಲಿಲ್ಲ. ಹೊಸಿಲು ದಾಟುವ ಮೊದಲೇ "ಏನ್ರೀ ನಿಮ್ಮ ಇನ್ವರ್ಟರ್ ಹಿಂಗೆ ಕಿರುಚ್ತೈತೆ!" ಎಂದರು. ಆಗಲೂ ನಮ್ಮಿಬ್ಬರಿಗೆ ಕೇಳಿಸಲಿಲ್ಲ. ನಿನ್ನೆ ನಾವೇ ಕಿವಿ ಪರೀಕ್ಷೆ ಮಾಡಿಸಿಕೊಂಡೆವು. ಪ್ರೆಸ್ ಶಾಪಿನ ಗದ್ದಲಕ್ಕೆ ಇಬ್ಬರ ಕಿವಿಗಳೂ ಸೂಕ್ಷ್ಮ ಸದ್ದು ಹಿಡಿಯುವುದನ್ನು ಬಿಟ್ಟಿವೆ. ನಿನ್ನ ಕಿವಿ ಸರಿಯಾಗಿದೆ ಅಮ್ಮಾ. ಅಪ್ಪ ಇನ್ವರ್ಟರನ್ನು ಬಿಚ್ಚಿಸಿ ಹೊರಗಿಟ್ಟಿದ್ದಾರೆ. ಈ ಭಾನುವಾರ ನಿನ್ನನ್ನು ಕರೆಯಲು ಬರುತ್ತಾರೆ. ಅಪ್ಪ ಜೋರಾಗಿ ಮಾತಾಡಿದರೆ ಕೋಪ ಎಂದುಕೊಳ್ಳಬೇಡ, ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ.