ಶುಕ್ರವಾರ ಒಂದೂವರೆಗೆ ಕೊಟ್ಟ ಸಮ್ಮತಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಮ್ಮೂರ ಉರ್ದು ಶಾಲೆಯ ಆರು, ಏಳನೆಯ ತರಗತಿಗಳನ್ನು ಜೂನ್‌ನಿಂದ ಮುಚ್ಚಿ ಹೆದ್ದಾರಿಯಾಚೆಯ ಕನ್ನಡ ಶಾಲೆಗೆ ಸೇರಿಸಲು ತಾವು ಅನುಮತಿ ಕೊಟ್ಟಿದ್ದೀರಿ. ಆಧಾರ, ಪಂಚಾಯ್ತಿಯ ಶಿಕ್ಷಣ ಸಮಿತಿಯ ಠರಾವು. ಅದರಲ್ಲಿ ‘ಅಲ್ಪಸಂಖ್ಯಾತ ಪ್ರತಿನಿಧಿಯ ಪೂರ್ಣ ಸಮ್ಮತಿ’ ಇದೆ. ಆ ಪ್ರತಿನಿಧಿ ನನ್ನ ಅಪ್ಪ. ಅವರು ಸಮ್ಮತಿಸಿದ್ದಾರೆಂಬುದು ಅವರಿಗೇ ನನ್ನಿಂದ ಗೊತ್ತಾಯಿತು.

ಸಮಿತಿಯ ಸಭೆ ಯಾವಾಗಲೂ ಶುಕ್ರವಾರ ಮಧ್ಯಾಹ್ನ ಒಂದೂವರೆಗೆ, ಉರ್ದು ಶಾಲೆಯಲ್ಲೇ ನಡೆಯುತ್ತದೆ. ಕಾರಣ ಸರಳ: ಶುಕ್ರವಾರ ಆ ಶಾಲೆಗೆ ರಜೆ, ಬೆಂಚುಗಳು ಖಾಲಿ. ಶಾಲೆಗೆ ಯಾಕೆ ರಜೆಯೋ ಅದೇ ಕಾರಣಕ್ಕೆ ಅಪ್ಪ ಆ ಹೊತ್ತಿಗೆ ಮಸೀದಿಯಲ್ಲಿರುತ್ತಾರೆ. ಅಪ್ಪ ಸಮಿತಿಯಲ್ಲಿರುವ ಈ ಎರಡು ವರ್ಷ ಇದು ಯಾರಿಗೂ ಹೊಳೆಯಲಿಲ್ಲವೇ? ಹೊಳೆದಿತ್ತೇ?

ಈ ಠರಾವಾದ ಮರುದಿನ, ಶನಿವಾರ, ಸಮಿತಿಯ ಅಧ್ಯಕ್ಷ ರಮಾನಂದಣ್ಣ ಠರಾವು ಪುಸ್ತಕ ಹಿಡಿದು, ಅಪ್ಪ ಬಲೆ ಹೆಣೆಯುವಲ್ಲಿಗೆ ಬಂದರು. ನಾನು ಅಲ್ಲೇ ಇದ್ದೆ.

“ಹಸನ್ ಸಾಬ್ರೆ, ನಿನ್ನೆನೂ ಬರ್ಲಿಲ್ವಲ್ಲ.”

“ಜುಮ್ಮಾ ಇತ್ತಲ್ರಾ. ಎಂತ ಬರ್ದಿದ್ರಿ?”

“ಮಾಮೂಲಿದೇ. ಪಾಯಖಾನೆ ಬಾಗಿಲು ರಿಪೇರಿ.”

“ಆತು, ಎಲ್ಲಿ ಹಾಕೂದು?”

ಅಪ್ಪ ಉರ್ದುವಿನಲ್ಲಿ ರುಜು ಹಾಕಿದರು. ಕನ್ನಡ ಓದಲು ಬಾರದು, ಓದಿ ಹೇಳಿ ಎನ್ನಲು ನಾಚಿಕೆ. ತಪ್ಪು ಅವರದೂ ಹೌದು. ಪಕ್ಕದಲ್ಲಿದ್ದು ಮೊಬೈಲ್ ನೋಡುತ್ತಿದ್ದ ನನ್ನದೂ ಹೌದು. ಬಾಗಿಲು ಮೂರನೆಯ ವಿಷಯವಾಗಿತ್ತು. ತರಗತಿ ಮುಚ್ಚುವುದು ನಾಲ್ಕನೆಯದು. ಇದನ್ನು, ತಮ್ಮ ಆದೇಶ ಠರಾವಿನ ಪ್ರತಿಯ ಸಮೇತ ಶಾಲೆಯ ಗೋಡೆಗೆ ಅಂಟಿದಾಗ ಓದಿದೆ.

ಎಂಟನೆಯ ತರಗತಿಯನ್ನು ಹಿಂದೆ ಹೀಗೇ ವಿಲೀನ ಮಾಡಿದ್ದರು. ಆಗ ಹೆದ್ದಾರಿ ದಾಟಿದವರಲ್ಲಿ ನಾನೂ ಒಬ್ಬ. ಒಂಬತ್ತರಲ್ಲಿ ಬಿಟ್ಟೆ. ಪೂರ್ತಿ ದೂಷಣೆ ತಮಗಲ್ಲ. ಗಣಿತವೂ ಕ್ರಿಕೆಟ್ಟೂ ಸಾಕಷ್ಟು ಸಹಕರಿಸಿದವು. ಅಲ್ಲಿ ಕಲಿತ ಕನ್ನಡದಲ್ಲೇ ಇದನ್ನು ಬರೆಯುತ್ತಿದ್ದೇನೆ, ಅದಕ್ಕೆ ಕೃತಜ್ಞ. ಆದರೆ ಐದನೆಯಲ್ಲಿರುವ ತಂಗಿ ನಸೀಬಾಗೆ ಗಣಿತ ಬರುತ್ತದೆ, ಕ್ರಿಕೆಟ್ಟಿನ ಕಾಟವಿಲ್ಲ. “ಆ ರಸ್ತೆ ದಾಟ್ಸಿ ಕಳ್ಸೂದಿಲ್ಲ, ಮನೇಲೇ ಇರ್ಲಿ” ಎಂದು ಅಮ್ಮ ನಿರ್ಧರಿಸಿಯಾಗಿದೆ. ಈ ಠರಾವಿಗೆ ಯಾರ ರುಜುವೂ ಬೇಕಿಲ್ಲ.

ಆದ್ದರಿಂದ ಆದೇಶವನ್ನು ತಡೆಹಿಡಿಯಿರಿ. ಸಭೆಯನ್ನು ಮಂಗಳವಾರ ಕರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿಸಿ, ಆಮೇಲೆ ರುಜು ಕೇಳಿ. ಆಗಲೂ ಅಪ್ಪ ಒಪ್ಪಿದರೆ ನಾನು ಸುಮ್ಮನಾಗಿ, ನಸೀಬಾಳನ್ನು ದಿನಾ ರಸ್ತೆ ದಾಟಿಸುತ್ತೇನೆ. ಒಪ್ಪದಿದ್ದರೆ, ಅದನ್ನೂ ಬರೆಯಲು ಪುಸ್ತಕದಲ್ಲಿ ಒಂದು ಸಾಲು ಜಾಗವಿರಲಿ.

ಇಂತಿ,
ಪ್ರತಿನಿಧಿಯ ಮಗ, ಸ್ವತಃ ಯಾರ ಪ್ರತಿನಿಧಿಯೂ ಅಲ್ಲದ
ಮುಝಮ್ಮಿಲ್ (ಒಂಬತ್ತನೆಯ ತರಗತಿ, ಅರ್ಧ)
ಹೊನ್ನಾವರ ತಾಲೂಕು